ಫೋಟೋಗ್ರಾಫರ್‌ಗಳು ತಮ್ಮ ಲೆನ್ಸನ್ನು ಹೊಗಳುತ್ತಲೇ ಬೈಯುವುದು ಯಾಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ನಿಮ್ಮ ಗೆಳೆಯರೊಬ್ಬರು ತಮ್ಮ 85 ಎಂಎಂ ಎಫ್ 1.4 ಲೆನ್ಸನ್ನು ಬಾಯಿ ತುಂಬಾ ಹೊಗಳುತ್ತಾರೆ, ಆದರೆ ಹೊರಗೆ ಹೊರಟಾಗ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ನಿಮ್ಮ ಹತ್ತಿರ ಎಪಿಎಸ್-ಸಿ, ಅಂದರೆ ಸ್ವಲ್ಪ ಚಿಕ್ಕ ಸೆನ್ಸರಿನ ಕ್ಯಾಮೆರಾ, ಅದರ ಜೊತೆ ಬಂದ 18-55 ಎಂಎಂ ಜೂಮ್ ಲೆನ್ಸ್ ಇದೆ. ಮುಖದ ಫೋಟೋ ತೆಗೆಯೋಕೆ ಅಂಥದ್ದೊಂದು 85 ತಗೋಬೇಕಾ ಬೇಡವಾ ಅನ್ನುವುದು ನಿಮ್ಮ ಗೊಂದಲ.

ನಿಮ್ಮ ಗೆಳೆಯರು ನಾಟಕ ಆಡುತ್ತಿಲ್ಲ. ನನ್ನ ಹತ್ತಿರವೂ ಅಂಥದ್ದೇ ಲೆನ್ಸ್ ಇದೆ, ನನ್ನ ಕಥೆಯೂ ಅದೇ. ಯಾವ ಗುಣಕ್ಕೆ ಮರುಳಾಗಿ ಲೆನ್ಸ್ ಕೊಳ್ಳುತ್ತೇವೋ, ಆಮೇಲೆ ಬೈಯುವುದೂ ಅದೇ ಗುಣಕ್ಕೆ. ಇದು ಇರಲಿ, ಅದು ಬೇಡ ಅಂದರೆ ಗಾಜು ಕೇಳುವುದಿಲ್ಲ.

ಭಾರವನ್ನೇ ತೆಗೆದುಕೊಳ್ಳಿ. ಎಫ್ ಸಂಖ್ಯೆ ಅಂದರೆ ಸುಮ್ನೆ ಒಂದು ಭಾಗಾಕಾರ: ಲೆನ್ಸಿನ ಫೋಕಲ್ ದೂರವನ್ನು (ಇಲ್ಲಿ 85 ಎಂಎಂ; ಇದು ಜಾಸ್ತಿಯಾದಷ್ಟೂ ದೃಶ್ಯ ಹತ್ತಿರ ಕಾಣುತ್ತದೆ) ಬೆಳಕಿನ ದಾರಿಯ ಅಗಲದಿಂದ ಭಾಗಿಸಿದ್ದು. ಈ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. 85ನ್ನು 1.4ರಿಂದ ಭಾಗಿಸಿದರೆ ಸುಮಾರು 61 ಮಿಲಿಮೀಟರ್ ಬರುತ್ತದೆ. ಬೆಳಕು ಒಳಗೆ ಬರಲು ಅಷ್ಟು ಅಗಲದ ದಾರಿ ಬೇಕು, ಹಾಗಾಗಿ ಮುಂದಿನ ಗಾಜು ಅದಕ್ಕಿಂತ ಚಿಕ್ಕದಿರುವ ಹಾಗಿಲ್ಲ. ಅದೇ ಎಫ್ 1.8 ಆದರೆ 47 ಮಿಲಿಮೀಟರ್ ಸಾಕು. ಕಂಪನಿಯವರು ಮನಸ್ಸು ಮಾಡಿದ್ದರೆ ಇನ್ನೂ ಪುಟ್ಟದಾಗಿ ಮಾಡಬಹುದಿತ್ತು ಅಂತ ಗೊಣಗುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಲಿ. ಕತ್ತಲಲ್ಲೂ ಫೋಟೋ ಬರಬೇಕು ಅಂತ ಆಸೆಪಟ್ಟವರ ಕತ್ತು ನೋಯಲೇಬೇಕು.

ಇನ್ನು ಫೋಕಸ್. ಫುಲ್ ಫ್ರೇಮ್, ಅಂದರೆ ಹಳೇ ಫಿಲ್ಮಿನ ಅಳತೆಯ ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ ಎಫ್ 1.4 ಇಟ್ಟು ಎರಡು ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಬರುವುದು ಹೆಚ್ಚುಕಡಿಮೆ ನಾಲ್ಕೂವರೆ ಸೆಂಟಿಮೀಟರ್ ಆಳ ಮಾತ್ರ. ಒಂದು ಮೀಟರ್‌ಗೆ ಹತ್ತಿರ ಹೋದರೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎದುರಿಗಿದ್ದವರು ತಲೆ ಸ್ವಲ್ಪ ಓರೆ ಮಾಡಿದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಕ್ಯಾಮೆರಾ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದಾಗ ರೆಪ್ಪೆಯ ಕೂದಲನ್ನು ಒಂದೊಂದಾಗಿ ಎಣಿಸಬಹುದು, ಆದರೆ ಕಣ್ಣುಪಾಪೆ ಮಂಜು ಮಂಜು. ಅವರು ನಕ್ಕ ರೀತಿ, ಬೆಳಕು ಬಿದ್ದ ರೀತಿ ಎಲ್ಲ ಸರಿಯಾಗಿ ಕೂಡಿಬಂದ ಫೋಟೋ ಅದೇ ಆಗಿರುತ್ತದೆ, ಯಾವಾಗಲೂ. ಹಾಗಂತ ಈ ತೆಳುವಾದ ಫೋಕಸ್ ಬೇಡ ಅಂದುಬಿಡೋಕೂ ಆಗುವುದಿಲ್ಲ. ಹಿಂದಿನ ಕರೆಂಟ್ ತಂತಿ, ನಿಂತ ಗಾಡಿಗಳು, ಗೋಡೆಯ ಪೋಸ್ಟರ್ ಎಲ್ಲವನ್ನೂ ಬೆಣ್ಣೆಯಂತೆ ಕರಗಿಸಿ ಮುಖವೊಂದನ್ನೇ ಉಳಿಸುವುದೂ ಇದೇ ಅಲ್ವಾ.

ಇದು ಹೊಸ ಜಗಳವೂ ಅಲ್ಲ. 1840ರಲ್ಲಿ ಜೋಸೆಫ್ ಪೆಟ್ಸ್‌ವಾಲ್ ಮುಖದ ಫೋಟೋಗೆಂದೇ ಒಂದು ಲೆನ್ಸ್ ರೂಪಿಸಿದರು. ಸುಮಾರು ಎಫ್ 3.6, ಆ ಕಾಲಕ್ಕೆ ಭಾರೀ ಬೆಳಕಿನ ಲೆನ್ಸ್. ಅಲ್ಲಿಯವರೆಗೆ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿದ್ದವರಿಗೆ ದೊಡ್ಡ ಬಿಡುಗಡೆ. ಆದರೆ ಸ್ಪಷ್ಟತೆ ನಡುವಿಗೆ ಮಾತ್ರ, ಅಂಚು ಕಡೆಗೆ ಹೋದಂತೆ ಮಸುಕು. ಮುಂದಿನ ತಲೆಮಾರುಗಳು ಆ ದೋಷ ತೆಗೆಯಲು ಒದ್ದಾಡಿದವು, ತೆಗೆದೂ ಬಿಟ್ಟವು. 2013ರಲ್ಲಿ ಲೋಮೋಗ್ರಫಿ ಕಂಪನಿ ಅದೇ ದೋಷವಿರುವ ಪೆಟ್ಸ್‌ವಾಲ್ ಲೆನ್ಸನ್ನು ಮತ್ತೆ ಮಾಡುತ್ತೇವೆ ಅಂದಾಗ ಜನ ಮುಂಗಡ ದುಡ್ಡು ಕೊಟ್ಟು ಕಾದರು!

ನಾನೂ ಆ ಜನರ ಪೈಕಿಯವನೇ, ಆದರೆ ನನ್ನದು ಹಳೇ ಹೀಲಿಯಾಸ್ 44-2. ಸೋವಿಯತ್ ಕಾಲದ 58 ಎಂಎಂ ಎಫ್ 2, ಜರ್ಮನಿಯ ಬಯೋಟಾರ್ ಲೆನ್ಸಿನ ವಿನ್ಯಾಸದಿಂದ ಹುಟ್ಟಿದ್ದು. ಎಲೆಗಳ ಸಂದಿಯಿಂದ ಬೆಳಕು ಬರುವ ಕಡೆ ಯಾರನ್ನಾದರೂ ನಿಲ್ಲಿಸಿದರೆ ಹಿನ್ನೆಲೆ ಸುಳಿಯಂತೆ ಅವರ ಸುತ್ತ ತಿರುಗುತ್ತದೆ. ಕಾರಣ ಸರಳ. ಅಂಚಿನ ಕಡೆ ಹೋಗುವ ಬೆಳಕಿಗೆ ಲೆನ್ಸಿನ ಕೊಳವೆಯೇ ಅಡ್ಡ ಬರುತ್ತದೆ. ದುಂಡಗೆ ಕಾಣಬೇಕಾದ ಬೆಳಕಿನ ಚುಕ್ಕಿಗಳು ಬೆಕ್ಕಿನ ಕಣ್ಣಿನ ಆಕಾರಕ್ಕೆ ಕತ್ತರಿಸಿ, ನಡುವಿನ ಸುತ್ತ ಸಾಲಾಗಿ ಕೂರುತ್ತವೆ. ಕಟ್ಟುನಿಟ್ಟಾಗಿ ಹೇಳಿದರೆ ಅದು ದೋಷ. ಆಟೋಫೋಕಸ್ ಇಲ್ಲ. ಅಪರ್ಚರ್‌ಗೆ, ಅಂದರೆ ಬೆಳಕಿನ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವುದಕ್ಕೆ, ಎರಡು ಉಂಗುರ: ಒಂದರಲ್ಲಿ ಬೇಕಾದ ಸಂಖ್ಯೆ ಇಟ್ಟು, ಇನ್ನೊಂದನ್ನು ಪೂರ್ತಿ ತೆರೆದು ಫೋಕಸ್ ಮಾಡಿ, ಮತ್ತೆ ಮುಚ್ಚಿಕೊಂಡು ಕ್ಲಿಕ್ಕಿಸಬೇಕು. ಅಷ್ಟರಲ್ಲಿ ಮಗುವಾಗಿದ್ದರೆ ಎದ್ದು ಓಡಿರುತ್ತದೆ. ಸೂರ್ಯ ಎದುರಿಗಿದ್ದರಂತೂ ಫೋಟೋ ಪೂರ್ತಿ ಬೆಳ್ಳಗೆ ಮಂಕಾಗುತ್ತದೆ. ಒಂದು ಸಂಜೆ ಅದು ಚಂದ, ಇನ್ನೊಂದು ಸಂಜೆ ಅದೇ ತಲೆನೋವು.

ದೋಷವೇ ಇಲ್ಲದ ಲೆನ್ಸ್ ಕೊಂಡವರೂ ನೆಮ್ಮದಿಯಾಗಿಲ್ಲ. ಈಚಿನ ಒಳ್ಳೆಯ ಲೆನ್ಸ್‌ಗಳು ಎಷ್ಟು ಚುರುಕು ಅಂದರೆ ಚರ್ಮದ ಒಂದೊಂದು ರಂಧ್ರವೂ ಎದ್ದು ಕಾಣುತ್ತದೆ. ಹಣ ಸುರಿದು ಅದನ್ನು ಕೊಂಡು, ಫೋಟೋ ಮೃದುವಾಗಲಿ ಅಂತ ಮುಂದೆ ಮಿಸ್ಟ್ ಫಿಲ್ಟರ್ ಹಾಕುವವರು ಬೇಕಾದಷ್ಟು ಜನ ಇದ್ದಾರೆ.

24-70 ಎಫ್ 2.8 ಥರದ ಜೂಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫೋಟೋ ಕೆಲಸಕ್ಕೆ ಹೋಗುವವರೆಲ್ಲ ಅದನ್ನೇ ನಂಬುತ್ತಾರೆ, ಅದನ್ನು ಕೊಂಡಾಡಿದವರನ್ನು ಮಾತ್ರ ನಾನು ಕಂಡಿಲ್ಲ.

ಒಂದು ಮಾತು ಸೇರಿಸಬೇಕು. ಲೆನ್ಸಿನ ಸ್ವಭಾವ ಬೇರೆ, ಕೆಟ್ಟಿರುವ ಲೆನ್ಸ್ ಬೇರೆ. ಸಮತಟ್ಟಾದ ಗೋಡೆಗೆ ಕ್ಯಾಮೆರಾ ನೇರವಾಗಿ ನಿಲ್ಲಿಸಿ, ಅಪರ್ಚರ್ ಪೂರ್ತಿ ತೆರೆದು ಒಂದು ಫೋಟೋ ತೆಗೆಯಿರಿ. ಎಡ, ಬಲ ಎರಡೂ ಮೂಲೆ ಒಂದೇ ಥರ ಮಸುಕಾಗಿದ್ದರೆ ಅದು ಸ್ವಭಾವ. ಒಂದು ಕಡೆ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಜಾಗ ತಪ್ಪಿರುವ ಸಾಧ್ಯತೆ ಜಾಸ್ತಿ. ಅದನ್ನು ಪ್ರೀತಿಸಲು ಹೋಗಬೇಡಿ, ವಾಪಸ್ ಕೊಡಿ.

ಈಗ ನಿಮ್ಮ ವಿಷಯ. ನಿಮ್ಮ ಸೆನ್ಸರ್ ಚಿಕ್ಕದಾದ್ದರಿಂದ ದೃಶ್ಯದ ನಡುವಿನ ಭಾಗವನ್ನಷ್ಟೇ ಹಿಡಿಯುತ್ತದೆ, ಹಾಗಾಗಿ ಒಂದೂವರೆ ಪಟ್ಟು ಲೆಕ್ಕ ಹಿಡಿಯಿರಿ. 85 ಎಂಎಂ ಹಾಕಿದರೆ ಅದು ಫುಲ್ ಫ್ರೇಮಿನ 127ರಷ್ಟು ಇಕ್ಕಟ್ಟಾಗಿ ಕಾಣುತ್ತದೆ. ಕೋಣೆಯೊಳಗೆ ನಿಮ್ಮ ಬೆನ್ನು ಗೋಡೆಗೆ ತಾಗಿದರೂ ಜಾಗ ಸಾಲದು. ಗೆಳೆಯರ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅದು ಕಾಣುವ ರೀತಿ ಬೇಕಿದ್ದರೆ, ನಿಮ್ಮ 18-55ರ 55ನೇ ತುದಿಯೇ ಹತ್ತಿರಹತ್ತಿರ 82. ಕೆಲವು ದಿನ ಉಂಗುರವನ್ನು ಆ ತುದಿಯಲ್ಲೇ ಬಿಟ್ಟು ಮುಖಗಳನ್ನು ತೆಗೆದು ನೋಡಿ. ದೂರ ಹೊಂದುತ್ತದೆ, ಬೆಳಕು ಮಾತ್ರ ಸಾಲದು ಅನ್ನಿಸಿದರೆ 50 ಎಂಎಂ ಎಫ್ 1.8 ತಗೊಳ್ಳಿ. 200 ಗ್ರಾಂ ಒಳಗಿನವೂ ಸಿಗುತ್ತವೆ. ಅದನ್ನೂ ಒಂದಲ್ಲ ಒಂದು ದಿನ ಬೈಯುತ್ತೀರಿ, ಬಹುಶಃ ಫೋಕಸ್ ಮೋಟಾರಿನ ಸದ್ದಿಗೆ.