ಮೇಷ್ಟ್ರಿಗೊಂದು ಪ್ರಶ್ನೆ: ಬಣ್ಣದ ದುಡ್ಡು ಯಾರದು?

ಪ್ರಶ್ನೆ: ಮೇಷ್ಟ್ರೇ, ನನ್ನ ಮಗನಿಗೆ 27 ವರ್ಷ. ದಾವಣಗೆರೆಯಲ್ಲಿದ್ದ ಕೆಲಸ ಬಿಟ್ಟು ಬಂದು ಚಿತ್ರ ಬರೀತಾ ಕೂತಿದ್ದಾನೆ. ಕೇಳಿದರೆ ‘ವ್ಯಾನ್ ಗೋ ಶುರು ಮಾಡಿದ್ದೂ 27ಕ್ಕೇ’ ಅಂತಾನೆ. ಅವರಪ್ಪ ಶೇಂಗಾ ಮಂಡಿಯಲ್ಲಿ ಲೆಕ್ಕ ಬರೆಯೋರು, ಮಗನ ಜೊತೆ ಮಾತು ಬಿಟ್ಟಿದ್ದಾರೆ. ದೊಡ್ಡ ಕಲಾವಿದರೆಲ್ಲ ಹೀಗೇನಾ?
– ಒಬ್ಬ ತಾಯಿ, ಚಳ್ಳಕೆರೆ

ಉತ್ತರ: ತಾಯಿ, ಮಗ ಹೇಳಿದ್ದು ಸುಳ್ಳಲ್ಲ. 1853ರಲ್ಲಿ ಹಾಲೆಂಡಿನಲ್ಲಿ ಹುಟ್ಟಿದ ವಿನ್ಸೆಂಟ್ ವ್ಯಾನ್ ಗೋ ಚಿತ್ರಗಾರನಾಗ್ತೀನಿ ಅಂತ ಹೊರಟಿದ್ದು 1880ರಲ್ಲಿ. ಅದಕ್ಕೆ ಮೊದಲು ಚಿತ್ರದಂಗಡಿಯಲ್ಲಿ ಗುಮಾಸ್ತಿಕೆ, ಮೇಷ್ಟ್ರುಗಿರಿ, ಬೆಲ್ಜಿಯಂನ ಕಲ್ಲಿದ್ದಲು ಗಣಿಯವರ ನಡುವೆ ಧರ್ಮಪ್ರಚಾರ, ಒಂದೂ ಕೈಹತ್ತಲಿಲ್ಲ.

ಆದರೆ ನಿಮ್ಮ ಮಗ ಅರ್ಧ ಕತೆ ಮಾತ್ರ ಹೇಳಿದ್ದಾನೆ. ಪ್ಯಾರಿಸ್ಸಿನಲ್ಲಿ ಚಿತ್ರ ಮಾರುವ ಕಂಪನಿಯಲ್ಲಿದ್ದ ತಮ್ಮ ಥಿಯೋ, ಅಣ್ಣ ಸಾಯುವವರೆಗೂ ದುಡ್ಡು ಕಳಿಸಿದ. ವಿನ್ಸೆಂಟ್ ಬರೆದ ಕಾಗದಗಳನ್ನು ಓದಿ ನೋಡಲಿ. ನಡುನಡುವೆ ನಮ್ಮ ಕಿರಾಣಿ ಚೀಟಿಯ ಹಾಗೆ ಪಟ್ಟಿ ಬರುತ್ತದೆ: ಇಷ್ಟು ಟ್ಯೂಬ್ ಬಿಳಿ, ಇಷ್ಟು ಹಳದಿ, ಇಷ್ಟು ಕ್ಯಾನ್ವಾಸ್. 1890ರಲ್ಲಿ ಅಣ್ಣ ಹೋದ, ಆರೇ ತಿಂಗಳಿಗೆ ತಮ್ಮನೂ ಹೋದ. ಕೈಗೂಸು ಕಟ್ಟಿಕೊಂಡ ಥಿಯೋನ ಹೆಂಡತಿ ಯೋಹಾನಾ ಆ ಚಿತ್ರಗಳನ್ನು ಕಾಪಾಡಿ, ಜನರಿಗೆ ತೋರಿಸಿ, 1914ರಲ್ಲಿ ಕಾಗದಗಳನ್ನೂ ಅಚ್ಚು ಹಾಕಿಸಿದಳು. ಆಕೆ ಇಲ್ಲದಿದ್ದರೆ ಆ ಹೆಸರು ಚಳ್ಳಕೆರೆ ತನಕ ಬರುತ್ತಿತ್ತೇ? (ಬದುಕಿದ್ದಾಗ ಒಂದೇ ಚಿತ್ರ ಮಾರಿದ್ದ ಅನ್ನುವುದು ಸ್ವಲ್ಪ ಬಣ್ಣ ಹಚ್ಚಿದ ಮಾತು. ‘ಕೆಂಪು ದ್ರಾಕ್ಷಿತೋಟ’ 400 ಫ್ರಾಂಕಿಗೆ ಹೋಗಿದ್ದು ನಿಜ. ಅದಕ್ಕೂ ಮೊದಲೇ ಅವನ ಚಿಕ್ಕಪ್ಪ ದುಡ್ಡು ಕೊಟ್ಟು ರೇಖಾಚಿತ್ರ ಬರೆಸಿಕೊಂಡಿದ್ದರು.)

ಥಿಯೋ ಇಲ್ಲದವರು? ಚಂಡೀಗಢದ ನೇಕ್ ಚಂದ್ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್. ಹಗಲು ನೌಕರಿ. ದಿನದ ಕೆಲಸ ಮುಗಿದ ಮೇಲೆ ಸೈಕಲ್ಲಿನಲ್ಲಿ ಕಲ್ಲು, ಒಡೆದ ಬಳೆ, ಪಿಂಗಾಣಿ ಚೂರು ಹೊತ್ತು ಕಾಡಿನಂಚಿನ ಸರ್ಕಾರಿ ಜಾಗಕ್ಕೆ ಹೋಗಿ ಗೊಂಬೆ ಮಾಡುತ್ತಿದ್ದ. 1957ರ ಸುಮಾರಿಗೆ ಶುರುವಾದ ಈ ಕಳ್ಳ ಕೆಲಸ ಸರ್ಕಾರದ ಕಣ್ಣಿಗೆ ಬೀಳುವಷ್ಟರಲ್ಲಿ ಹದಿನೆಂಟು ವರ್ಷವಾಗಿತ್ತು. 1976ರಲ್ಲಿ ಅದೇ ರಾಕ್ ಗಾರ್ಡನ್ ಆಗಿ ಜನರಿಗೆ ತೆರೆಯಿತು. ಹಾಲೆಂಡಿನ ತತ್ವಜ್ಞಾನಿ ಸ್ಪಿನೋಜನಿಗೆ 1673ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಪ್ರೊಫೆಸರ್ ಹುದ್ದೆ ಮನೆ ಬಾಗಿಲಿಗೆ ಬಂದಿತ್ತು. ಬೇಡ ಅಂದ, ದುರ್ಬೀನಿನ ಮಸೂರದ ಗಾಜು ಉಜ್ಜುತ್ತಾ ತತ್ವಶಾಸ್ತ್ರ ಬರೆದ.

ನನ್ನದೂ ಹೇಳಿಬಿಡುತ್ತೇನೆ. 1984ರಲ್ಲಿ ಸಂಬಳವಿಲ್ಲದ ರಜೆ ಹಾಕಿ ಒಂದು ವರ್ಷ ಚಿತ್ರ ಬರೆದೆ. ಬಾಡಿಗೆ ಕಟ್ಟಿದ್ದು ನನ್ನಾಕೆ, ಸೀರೆಗೆ ಫಾಲ್ ಹೊಲಿದು. ಒಟ್ಟು ಹನ್ನೊಂದು ಚಿತ್ರ ಆದವು. ಎರಡು ಮಾರಿದವು. ಇನ್ನೊಂದು ಮಳೆಗಾಲದಲ್ಲಿ ಹಿತ್ತಲ ಕಿಟಕಿಗೆ ಅಡ್ಡ ನಿಲ್ಲುತ್ತದೆ. ‘ಇದಾದರೂ ನೀರು ತಡೀತದೆ’ ಅಂತಾಳೆ.

ಅದಕ್ಕೇ, ಮಗನನ್ನು ಬೈಯಬೇಡಿ, ಹೊಗಳಲೂ ಬೇಡಿ. ಅವರಪ್ಪ ಲೆಕ್ಕದವರಲ್ಲವೇ? ಒಂದು ಸಂಜೆ ಇಬ್ಬರನ್ನೂ ನೋಟ್‌ಬುಕ್ ಮುಂದೆ ಕೂರಿಸಿ. ಬಣ್ಣಕ್ಕೆ ತಿಂಗಳಿಗೆಷ್ಟು, ಊಟಕ್ಕೆಷ್ಟು, ಎಷ್ಟು ತಿಂಗಳು, ಕೊಡುವವರು ಯಾರು. ಮಗನೇ ಬರೆಯಲಿ, ಅಪ್ಪ ಕೂಡಲಿ. ಮಾತು ಬಿಟ್ಟವರೂ ಲೆಕ್ಕ ತಪ್ಪಿದರೆ ಬಾಯಿ ಬಿಡುತ್ತಾರೆ.

ಇನ್ನೊಂದು. ನೌಕರಿ ಬಿಟ್ಟಿದ್ದು, ಯಜಮಾನರ ಸಿಟ್ಟು, ಎಲ್ಲ ಬರೆದಿದ್ದೀರಿ. ಹುಡುಗ ಏನು ಬರೆಯುತ್ತಾನೆ ಅಂತ ಮಾತ್ರ ಬರೆದಿಲ್ಲ. ಎರಡು ಫೋಟೊ ತೆಗೆದು ಕಳಿಸಿ, ನೋಡೋಣ.