28 ಪಟ್ಟು ಉಳಿತಾಯ, ಆದರೂ ‘ಇನ್ನೊಂದು ವರ್ಷ’

ಆಪ್ತ ಸಮಾಲೋಚನೆಗೆಂದು ದಂಪತಿ ನನ್ನ ಬಳಿ ಬಂದಿದ್ದರು. ಆತನಿಗೆ 54, ಪತ್ನಿಗೆ 51. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಇಬ್ಬರೂ ದುಡಿಯುತ್ತಾರೆ, ಸಾಲವಿಲ್ಲ, ಮಕ್ಕಳು ತಮ್ಮ ಕಾಲ ಮೇಲೆ ನಿಂತಾಗಿದೆ. ಆದರೂ ಮನೆಯಲ್ಲಿ ದುಡ್ಡಿನದ್ದೇ ಜಗಳ. ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಅದರಲ್ಲಿ ತಪ್ಪೇನು?’ ಎಂದರು ಆತ. ಪತ್ನಿ ಸುಮ್ಮನಿರಲಿಲ್ಲ: ‘ಹಾಸಿಗೆ ದೊಡ್ಡದಾಗಿ ಎಷ್ಟೋ ವರ್ಷ ಆಯ್ತು ಮೇಡಂ. ಇವರು ಇನ್ನೂ ಮುದುಡಿಕೊಂಡೇ ಮಲಗ್ತಾರೆ.’

ಆತ ಲೆಕ್ಕದ ನೋಟ್‌ಬುಕ್ ತಂದಿದ್ದರು. ಕೊನೆಯ ಪುಟದಲ್ಲಿ ‘ನಿವೃತ್ತಿಯಾದ ಮೇಲೆ’ ಎಂಬ ಪಟ್ಟಿ: ಬೆಟ್ಟ ಹತ್ತುವುದು, ಈಜು ಕಲಿಯುವುದು, ಫೋಟೊಗ್ರಫಿ. ಪತ್ನಿ ಕೊಡಿಸಿದ್ದ ಕ್ಯಾಮೆರಾದ ಬಾಕ್ಸ್ ಒಡೆಯುವ ಮೊದಲೇ ಅದರ ವಾರಂಟಿ ಮುಗಿದಿತ್ತು. ಬೆಟ್ಟದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಅವರದೇ ಅಕ್ಷರ: ‘ಮೊಣಕಾಲು ನೋಡಿಕೊಂಡು.’

ಉಳಿಸಿದ್ದು ಮುಂದೆ ಸಾಲದೇ ಹೋದೀತು ಎಂಬ ಅವರ ಭಯ ಹುಸಿಯೇನಲ್ಲ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಸುಮಾರು 12 ವರ್ಷಕ್ಕೆ ಖರ್ಚು ದುಪ್ಪಟ್ಟು. 60ಕ್ಕೆ ನಿವೃತ್ತರಾದವರು 84ರವರೆಗೆ ಬದುಕಿದರೆ ನಾಲ್ಕು ಪಟ್ಟು. ಹೂಡಿಕೆಯ ವಿಚಾರ ನನ್ನ ಕೆಲಸವಲ್ಲ. ಹಾಗಾಗಿ ಏನನ್ನೂ ಮಾರದೆ, ಶುಲ್ಕ ಪಡೆದು ಸಲಹೆಯಷ್ಟೇ ಕೊಡುವ ಹಣಕಾಸು ಸಲಹೆಗಾರರ ಬಳಿ ಕಳಿಸಿದೆ. ವರ್ಷದ ಖರ್ಚಿನ 28 ಪಟ್ಟು ಉಳಿತಾಯವಿದೆ ಎಂದು ಗೊತ್ತಾಯಿತು. ಮೊದಲ ವರ್ಷ ಉಳಿತಾಯದ ಶೇ 4ರಷ್ಟು ತೆಗೆದು, ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುತ್ತ ಹೋದರೂ ಹಣ 30 ವರ್ಷ ಬಾಳುತ್ತದೆ ಎಂದು ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಲೆಕ್ಕ ಹಾಕಿದ್ದರು. ಶೇ 4 ಎಂದರೆ ಇಪ್ಪತ್ತೈದರಲ್ಲಿ ಒಂದು ಪಾಲು; ನಿವೃತ್ತಿಗೆ ವರ್ಷದ ಖರ್ಚಿನ 25 ಪಟ್ಟು ಬೇಕು ಎಂದು ಜನ ಹೇಳುವ ಅಳತೆ ಬಂದಿದ್ದು ಅಲ್ಲಿಂದ. ಅದು ಅಮೆರಿಕದ ಮಾರುಕಟ್ಟೆಯ ಹಳೆಯ ದಾಖಲೆಗಳ ಮೇಲೆ ನಿಂತ ಲೆಕ್ಕ, ಎಲ್ಲರಿಗೂ ಖಾತರಿಯಲ್ಲ. ಆದರೆ ಆತನ ತೊಡಕು ಅಂಕಿಯದ್ದಾಗಿರಲಿಲ್ಲ. ‘30 ಪಟ್ಟು ಆಗಲಿ, ಇನ್ನೊಂದು ವರ್ಷ’ ಎಂದರು. ಮೊದಲು 20 ಸಾಕು ಎಂದಿದ್ದರಂತೆ, ಆಮೇಲೆ 25.

ಇಂಥಲ್ಲಿ ಬಾಲ್ಯದ ಬಡತನವನ್ನು ಹುಡುಕುವುದು ನಮ್ಮ ವೃತ್ತಿಯವರ ಚಾಳಿ. ಕೇಳಿದೆ, ಅಂಥದ್ದೇನೂ ಇರಲಿಲ್ಲ. ‘30 ಆದ ಮರುದಿನ ಏನು ಮಾಡ್ತೀರಿ?’ ಎಂದಾಗ ಮಾತ್ರ ತಡವರಿಸಿದರು. ‘ಆಫೀಸ್ ಇಲ್ಲ ಅಂದ್ರೆ ಬೆಳಿಗ್ಗೆ ಎದ್ದು ಏನು ಮಾಡೋದು?’ ಆ ಪ್ರಶ್ನೆಯನ್ನು ಎದುರಿಸದೇ ಇರಲು ಉಳಿತಾಯ ಒಳ್ಳೆಯ ನೆಪವಾಗಿತ್ತು.

ಪಟ್ಟಿಯನ್ನು ಎರಡು ಮಾಡಿ ಎಂದೆ: ದುಡ್ಡಿದ್ದರೆ ಯಾವಾಗಲೂ ಆಗುವಂಥವು, ಮೈಯಲ್ಲಿ ಕಸುವಿದ್ದಾಗಲೇ ಆಗುವಂಥವು. ಎರಡನೆಯವು 60ರ ಆಚೆಗೆ ಹೋಗಕೂಡದು. ಸಂಬಳದ ದಿನ ಉಳಿತಾಯದ ಕಂತು ಹೋಗುವಂತೆಯೇ ಇನ್ನೊಂದು ಖಾತೆಗೂ ತಾನಾಗಿ ಹಣ ಹೋಗಲಿ. ಎಷ್ಟೆಂಬುದನ್ನು ಸಲಹೆಗಾರರು ಹೇಳಲಿ. ಆ ದುಡ್ಡು ವರ್ಷದೊಳಗೆ ಖರ್ಚಾಗಲೇಬೇಕು, ಮರಳಿ ಉಳಿತಾಯಕ್ಕೆ ಸೇರುವಂತಿಲ್ಲ. ಉಳಿಸಿ ಅಭ್ಯಾಸವಾದವರಿಗೆ ಖರ್ಚು ಮಾಡುವುದಕ್ಕೂ ಶಿಸ್ತು ಬೇಕು. ಜೊತೆಗೆ, ಬಾಕಿಯಿರುವ ರಜೆಯಲ್ಲಿ ಒಂದು ತಿಂಗಳು ತೆಗೆದುಕೊಂಡು ಎಲ್ಲಿಗೂ ಹೋಗದೆ ಮನೆಯಲ್ಲೇ ಇದ್ದು ನೋಡಿ ಎಂದೆ. ಪ್ರವಾಸ ಹೊರಟರೆ ನಿವೃತ್ತಿ ಹೇಗಿರುತ್ತದೆಂದು ತಿಳಿಯುವುದಿಲ್ಲ.

ಪತ್ನಿಗೂ ಹೇಳುವುದಿತ್ತು. ‘ಜಿಪುಣ’ ಎಂಬ ಮಾತು ನಿಲ್ಲಬೇಕು. ಇವತ್ತಿನ ನಿಶ್ಚಿಂತೆಯಲ್ಲಿ ಆ ಬಿಗಿ ಕೈಯ ಪಾಲೂ ಇದೆ. ಪತ್ನಿಗೆ ತಕ್ಷಣ ಕೆಲಸ ಬಿಡುವ ಆಸೆಯಿತ್ತು, ಆದರೆ ಸಲಹೆಗಾರರ ಲೆಕ್ಕ ನಿಂತಿದ್ದು ಆ 28 ಪಟ್ಟನ್ನು ಮುಟ್ಟದೆ 60ರವರೆಗೆ ಇಬ್ಬರೂ ದುಡಿಯುತ್ತಾರೆ ಎಂಬುದರ ಮೇಲೆ. ಅದನ್ನು ಮತ್ತೆ ಹಾಕಿಸದೆ ರಾಜೀನಾಮೆ ಬೇಡ ಎಂದೆ.

ಆತ ಈಜಿಗೆ ಸೇರಿದ್ದಾರೆ. ರಜೆಯ ಮೊದಲ ವಾರವೇ ಆಫೀಸಿನ ಮೇಲ್ ತೆರೆದು ಕೂತರಂತೆ. ಎರಡನೇ ವಾರ ಪತ್ನಿ ಲ್ಯಾಪ್‌ಟಾಪ್ ಎತ್ತಿಟ್ಟರು. ಹೊಸ ಖಾತೆಯಿಂದ ಈವರೆಗೆ ಖರ್ಚು ಮಾಡಿರುವುದು ಬಹುತೇಕ ಪತ್ನಿಯೇ, ಅದಕ್ಕೆ ಆತನ ತಕರಾರಿಲ್ಲ. ಪತ್ನಿ ಅರೆಕಾಲಿಕ ಕೆಲಸ ಕೇಳಿದ್ದಾರೆ, ಆ ಲೆಕ್ಕವಿನ್ನೂ ಸಲಹೆಗಾರರ ಬಳಿ ಇದೆ.