ಮತ್ತು ಸಂಗಡಿಗರು

ಶಿವಮೊಗ್ಗದ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ಅಮೆರಿಕದ ಆರ್.ಇ.ಎಂ. ಬ್ಯಾಂಡ್ ಬಗ್ಗೆ ಬರೆದಾಗ ಡ್ರಮ್ಮರ್ ಬಿಲ್ ಬೆರ್ರಿಗೆ ಅಷ್ಟೊಂದು ಜಾಗ ಕೊಟ್ಟಿದ್ದು ಯಾಕೆ ಅನ್ನೋದು ಅವರ ತಕರಾರು. ‘ಜನಕ್ಕೆ ನೆನಪಿರೋದು ಹಾಡಿದವನ ದನಿ. ಡ್ರಮ್ ಬಾರಿಸುತ್ತಿದ್ದವನು ಅರ್ಧದಲ್ಲೇ ಬಿಟ್ಟು ಬೇಸಾಯಕ್ಕೆ ಹೋದ. ಮೈಕಲ್ ಸ್ಟೈಪ್ ಮತ್ತು ಸಂಗಡಿಗರು ಅಂತ ಬರೆದಿದ್ದರೆ ಸಾಕಿತ್ತಲ್ವಾ?’

ಸಾಕಾಗುತ್ತಿರಲಿಲ್ಲ ಸ್ವಾಮಿ.

ಸ್ಟೈಪ್ ದನಿ ದೊಡ್ಡದು, ಒಪ್ಪಿದೆ. ಬಾಯಿ ತೆರೆದ ಕೂಡಲೇ ಆತನೇ ಅಂತ ಗೊತ್ತಾಗುತ್ತದೆ. ಆದರೆ ಒಂದು ಕೆಲಸ ಮಾಡಿ. 1983ರ ಅವರ ಮೊದಲ ಆಲ್ಬಮ್ ‘ಮರ್ಮರ್’ ಹಾಕಿ, ಕೇಳಿಸಿದ ಪದಗಳನ್ನು ಬರೆದುಕೊಳ್ಳುತ್ತಾ ಹೋಗಿ. ಅರ್ಧ ಪುಟ ಸರಿಯಾಗಿ ತುಂಬಿದರೆ ನಿಮ್ಮ ಒಂದು ವರ್ಷದ ಚಂದಾ ನಾನೇ ಕಟ್ಟುತ್ತೇನೆ. ಆಗ ಆತ ಮಾತನ್ನು ಬಾಯೊಳಗೇ ನುಂಗುತ್ತಿದ್ದ. ಹಾಡುಗಳ ಸಾಹಿತ್ಯವನ್ನು ಆಲ್ಬಮ್ ಜೊತೆ ಪೂರ್ತಿ ಅಚ್ಚು ಹಾಕಿದ್ದು 1998ರಲ್ಲಿ! ಹಾಗಿದ್ದೂ ‘ರೋಲಿಂಗ್ ಸ್ಟೋನ್’ ಪತ್ರಿಕೆಯವರು ಮೈಕಲ್ ಜಾಕ್ಸನ್‌ನ ‘ಥ್ರಿಲ್ಲರ್’ ಬದಿಗಿಟ್ಟು ‘ಮರ್ಮರ್’ ಅನ್ನೇ ಆ ವರ್ಷದ ಆಲ್ಬಮ್ ಅಂದರು. ಪದ ತಿಳಿಯದ ಹಾಡನ್ನು ಜನ ಯಾಕೆ ಕೇಳಿದರು? ಪೀಟರ್ ಬಕ್ ಗಿಟಾರಿನ ಒಂದೊಂದೇ ತಂತಿ ಬಿಡಿಸಿ ಮೀಟುತ್ತಾನೆ. ಮೈಕ್ ಮಿಲ್ಸ್‌ನ ಬೇಸ್ ಗಿಟಾರ್ ಹಿಂದೆ ಸುಮ್ನೆ ಗುಂಯ್‌ಗುಡುವುದಿಲ್ಲ, ತಾನೇ ಇನ್ನೊಂದು ಹಾಡು ಹೇಳುತ್ತದೆ. ಬೆರ್ರಿ ಎಲ್ಲೂ ಅಬ್ಬರಿಸದೆ ಎಲ್ಲವನ್ನೂ ಹಿಡಿದು ನಿಲ್ಲಿಸುತ್ತಾನೆ.

ಇವರು ಸೇರಿದ್ದು ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಕಾಲೇಜು ಊರಿನಲ್ಲಿ. ಬಕ್ ಅಲ್ಲಿ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ, ಸ್ಟೈಪ್ ಗಿರಾಕಿ. ಮಿಲ್ಸ್, ಬೆರ್ರಿ ಮೇಕನ್ ಊರಿನ ಶಾಲೆಯಲ್ಲಿ ಜೊತೆಗೆ ಓದಿದವರು, ಮೊದಮೊದಲು ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. 1980ರ ಏಪ್ರಿಲ್ 5ರಂದು ಒಂದು ಪಾಳು ಚರ್ಚಿನಲ್ಲಿ, ಸ್ನೇಹಿತೆಯ ಹುಟ್ಟುಹಬ್ಬಕ್ಕೆ ಮೊದಲ ಸಲ ನುಡಿಸಿದರು. ಹೆಸರೂ ಗಟ್ಟಿಯಾಗಿರಲಿಲ್ಲ. ಆದರೆ ಒಂದು ಒಪ್ಪಂದ ಬೇಗ ಗಟ್ಟಿಯಾಯಿತು: ಟ್ಯೂನ್ ಯಾರಿಗೇ ಹೊಳೆದಿರಲಿ, ಹಾಡಿನ ಕೆಳಗೆ ನಾಲ್ಕೂ ಹೆಸರು, ಅದೂ ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿ. ಬೆರ್ರಿ, ಬಕ್, ಮಿಲ್ಸ್, ಸ್ಟೈಪ್. ದುಡ್ಡೂ ನಾಲ್ಕು ಪಾಲು. ನೋಡಿ, ನಿಮ್ಮ ‘ಸಂಗಡಿಗ’ ಮೊದಲು, ಹಾಡುಗಾರ ಕೊನೆಗೆ!

ಇನ್ನು ಬೆರ್ರಿ ವಿಷಯ. 1992ರ ‘ಆಟೊಮ್ಯಾಟಿಕ್ ಫಾರ್ ದ ಪೀಪಲ್’ ಆಲ್ಬಮ್‌ನಲ್ಲಿ ‘ಎವ್ರಿಬಡಿ ಹರ್ಟ್ಸ್’ ಇದೆಯಲ್ಲ, ನೀವೇ ನಿಮ್ಮ ಪತ್ರದಲ್ಲಿ ‘ಸ್ಟೈಪ್ ನಮ್ಮನ್ನು ಅಳಿಸಿಬಿಟ್ಟ ಹಾಡು’ ಅಂದಿದ್ದೀರಿ. ಅದನ್ನು ಬಹುಪಾಲು ಕಟ್ಟಿದವನು ಬೆರ್ರಿ. ತಮಾಷೆ ಅಂದರೆ ಆ ಹಾಡು ಶುರುವಾಗುವುದೇ ಡ್ರಮ್ ಮಷೀನಿನ ಟಿಕ್‌ಟಿಕ್‌ನಿಂದ. ಡ್ರಮ್ಮರ್ ಹಾಡು ಕೊಟ್ಟು ತನ್ನ ಡ್ರಮ್ಮನ್ನು ಸುಮ್ಮನಿರಿಸಿದ. ಇಂಥವನಿಗೆ ಎರಡು ಪ್ಯಾರಾ ಜಾಸ್ತಿ ಆಯಿತೇ?

1995ರ ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕಛೇರಿ ನಡೆಯುತ್ತಿದ್ದಾಗಲೇ ಬೆರ್ರಿ ಕುಸಿದ. ಮಿದುಳಿನ ರಕ್ತನಾಳ ಉಬ್ಬಿ ಒಡೆದಿತ್ತು. ಬದುಕಿದ, ಮೇ ತಿಂಗಳಲ್ಲಿ ಮತ್ತೆ ಬಂದು ನುಡಿಸಿದ. 1996ರಲ್ಲಿ ವಾರ್ನರ್ ರೆಕಾರ್ಡ್ ಕಂಪನಿ ಜೊತೆ ಹೊಸ ಕರಾರು, ಸುಮಾರು 8 ಕೋಟಿ ಡಾಲರ್ ಅಂತ ಪತ್ರಿಕೆಗಳು ಬರೆದವು. ಮಾರನೇ ವರ್ಷವೇ ಆತ ಹೊರಟ. ನಾನು ಹೋದರೆ ಬ್ಯಾಂಡ್ ಒಡೆಯುತ್ತದೆ ಅನ್ನುವುದಾದರೆ ಹೋಗುವುದಿಲ್ಲ ಅಂತ ಉಳಿದ ಮೂವರಿಗೆ ಹೇಳಿಯೇ ಹೊರಟ. ಊರ ಹತ್ತಿರ ಹುಲ್ಲು ಬೆಳೆದುಕೊಂಡಿದ್ದ. ಉಳಿದವರು ಅದೇ ಹೆಸರಿನಲ್ಲಿ ಮುಂದುವರಿದರು. ಮುಂದಿನ ಆಲ್ಬಮ್ ಮಾಡುವಾಗ ಜಗಳವಾಡಿ ಒಡೆದೇಹೋಗುವ ಹಂತಕ್ಕೆ ಬಂದಿದ್ದರು. ‘ಸಂಗಡಿಗ’ ಎದ್ದುಹೋದರೆ ಹೀಗಾಗುತ್ತೆ! 2011ರ ಸೆಪ್ಟೆಂಬರ್‌ನಲ್ಲಿ, ಯಾರ ಮೇಲೂ ಕೆಸರೆರಚದೆ, ಇನ್ನು ಸಾಕು ಅಂದರು.

ನನಗೆ ಸಿಟ್ಟು ಬಂದಿದ್ದು ನಿಮ್ಮ ಮೇಲಲ್ಲ, ಆ ಎರಡು ಪದಗಳ ಮೇಲೆ. ಎಷ್ಟು ಕ್ಯಾಸೆಟ್ ಕವರುಗಳ ಮೇಲೆ ಅವನ್ನು ಓದಿದ್ದೇನೆ! ಮುಂದೆ ಗಾಯಕರ ಬಣ್ಣದ ಫೋಟೊ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಮತ್ತು ಸಂಗಡಿಗರು’. ಕೊಳಲು ಯಾರದ್ದು, ತಬಲಾ ಯಾರದ್ದು, ದೇವರೇ ಬಲ್ಲ. ಒಮ್ಮೆ ನಮ್ಮ ಬಡಾವಣೆಯ ಗಣೇಶೋತ್ಸವದಲ್ಲಿ ಮೂರು ಗಂಟೆ ತಬಲಾ ನುಡಿಸಿದವರಿಗೆ ಶಾಲು ಹೊದಿಸುವಾಗ ನಿರೂಪಕರು ಮೈಕಿನಲ್ಲೇ ‘ತಮ್ಮ ಹೆಸರು?’ ಅಂತ ಕೇಳಿದರು. ಆಕಾಶವಾಣಿಯೇ ವಾಸಿ. ಚಿತ್ರಗೀತೆಯಾದರೆ ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಅಂತ ಹೇಳಿಯೇ ಹಾಡು ಹಾಕುತ್ತಿದ್ದರು. ಕಛೇರಿಯಾದರೆ ಪಿಟೀಲು, ಮೃದಂಗದವರ ಹೆಸರೂ ಬರುತ್ತಿತ್ತು. ಈಗ ಮೊಬೈಲಿನಲ್ಲಿ ಹಾಡು ಹುಡುಕಿದರೆ ಕವಿಯ ಹೆಸರು ಕಾಣಲು ಎಷ್ಟು ಕಡೆ ಒತ್ತಬೇಕೋ!

2024ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಗೀತರಚನೆಕಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಇವರನ್ನು ಸೇರಿಸಿಕೊಂಡರು. ಸ್ಟೈಪ್ ಒಬ್ಬನನ್ನಲ್ಲ, ನಾಲ್ವರನ್ನೂ. ಅವತ್ತು ಬೆರ್ರಿಯೂ ಬಂದಿದ್ದ. ನಾಲ್ವರೂ ಕೂಡಿ ‘ಲೂಸಿಂಗ್ ಮೈ ರಿಲಿಜನ್’ ಹಾಡಿದರು.

ಪತ್ರದ ಕೊನೆಗೆ ನೀವು ಇನ್ನೊಂದು ಕೇಳಿದ್ದೀರಿ: ಲೇಖನದ ಜೊತೆಗಿನ ಫೋಟೊದಲ್ಲಿ ನಾಲ್ವರಿದ್ದಾರೆ, ಕೆಳಗೆ ಮೂರೇ ಹೆಸರಿದೆ, ಯಾಕೆ? ತಪ್ಪು ನಮ್ಮದೇ. ಎಡಗಡೆ ತುದಿಯಲ್ಲಿ ಕನ್ನಡಕ ಹಾಕಿ ಕೂತವರು ಮೈಕ್ ಮಿಲ್ಸ್.

– ಸಂಪಾದಕ